ಪೂಜೆಗೆ ಎಬ್ಬಿಸಿದ ಪ್ರೊಸೆಸರುಗಳು

ರಾಯಚೂರಿನ ಬೇಸಿಗೆಯಲ್ಲಿ ಸ್ವೆಟರ್ ಹಾಕಿಕೊಂಡು ಓಡಾಡುವವನು ಈ ಊರಿನಲ್ಲಿ ನಾನೊಬ್ಬನೇ ಇರಬೇಕು. ನಮ್ಮ ಟ್ರಸ್ಟಿನ ಆಸ್ಪತ್ರೆಯ ಹಿಂದೆ, ಜನರೇಟರ್ ಶೆಡ್ಡಿಗೆ ಅಂಟಿಕೊಂಡಂತೆ ಸರ್ವರ್ ಕೋಣೆಯಿದೆ. ಹೊರಗೆ ಕಾಲಿಟ್ಟರೆ ಸುಡುವ ಬಂಡೆ, ಒಳಗೆ ಹಲ್ಲು ಕಟಕಟಿಸುವ ಚಳಿ. ಚಹಾ ಅಂಗಡಿಯವನು ನನ್ನನ್ನು ಕಂಡಾಗಲೆಲ್ಲ, "ಏನ್ ಮಿಸ್ತ್ರಿ, ಊಟಿಗೆ ಹೊಂಟೀರೇನು?" ಎನ್ನುತ್ತಾನೆ. ನಾನು, "ಊಟೀನೇ ಇಲ್ಲಿಗೆ ತಂದೀನಿ" ಎನ್ನುತ್ತೇನೆ. ಸುಳ್ಳಲ್ಲ. ಆ ಕೋಣೆಯ ಎಸಿ, ಯುಪಿಎಸ್, ವೈರಿಂಗು ಎಲ್ಲ ನನ್ನ ಕೈಯಿಂದ ಆದದ್ದು. ಒಳಗೆ ಯಾರೂ ಚಪ್ಪಲಿ ಮೆಟ್ಟಿ ಬರಬಾರದು ಎಂಬ ನಿಯಮವೂ ನನ್ನದೇ. ಊರಿನಲ್ಲಿ ಎಷ್ಟು ಸಲ ಕರೆಂಟು ಹೋದರೂ ಟ್ರಸ್ಟಿನ ಆಸ್ಪತ್ರೆ, ಆಫೀಸು, ಕಾಲೇಜುಗಳ ಲೆಕ್ಕವನ್ನೆಲ್ಲ ಇಟ್ಟುಕೊಂಡ ಅಲ್ಲಿನ ಯಂತ್ರಕ್ಕೆ ಅದು ಗೊತ್ತಾಗದ ಹಾಗೆ ನೋಡಿಕೊಂಡಿದ್ದೇನೆ.

ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಹೇಳಿಕೊಳ್ಳಲು ನಾಚಿಕೆಯಿಲ್ಲ. ದೇವದುರ್ಗದ ಕಡೆ ಹೊಳೆದಂಡೆಯ ಊರು ನಮ್ಮದು, ಕೂಲಿಯ ಮನೆ. ಶಾಲೆ ಬಿಟ್ಟ ವರ್ಷವೇ ಮಾನ್ವಿಗೆ ಹೋಗಿ, ಅಕ್ಕಿ ಗಿರಣಿಗಳ ಮೋಟಾರು ರಿಪೇರಿ ಮಾಡುವ ಅಂಗಡಿ ಸೇರಿದೆ. ತಾಮ್ರದ ತಂತಿ ಸುತ್ತಿ ಸುತ್ತಿ ಬೆರಳು ಗಟ್ಟಿಯಾದವು. ಆ ಬೆರಳುಗಳೇ ನನಗೆ ಅನ್ನ ಕೊಟ್ಟವು, ಆಮೇಲೆ ರಾಯಚೂರಿಗೂ ಕರೆತಂದವು. ಟ್ರಸ್ಟಿನ ಅಧ್ಯಕ್ಷರದು ಮಾನ್ವಿಯ ಗಿರಣಿ ಮನೆತನ. ಅವರ ಗಿರಣಿಯ ಮೋಟಾರು ಕಟ್ಟಿದವನು ಎಂಬ ಗುರುತಿನಿಂದಲೇ ನನಗೆ ಈ ಕೆಲಸ ಸಿಕ್ಕಿತು.

ಸರ್ವರಿನ ಒಳಗಿನ ಕೆಲಸ ನನ್ನದಲ್ಲ. ಅದಕ್ಕೆ ಇಂಜಿನಿಯರ್ ಓದಿದ ಮೇಡಂ ಇದ್ದಾರೆ. ರಾಯಚೂರಿನವರೇ, ಗತ್ತಿಲ್ಲದ ಹೆಣ್ಣುಮಗಳು. ಹೊಸ ಯಂತ್ರ ಬಂದ ದಿನ ಅದರ ಪರದೆಯ ಮೇಲೆ ಸಾಲಾಗಿ ಚೌಕಗಳು ಕಂಡವು. ಅರ್ಧ ಹಸಿರು, ಅರ್ಧ ಬೂದಿ ಬಣ್ಣ.

"ಇವು ಕೆಟ್ಟಾವೇನ್ರಿ ಮೇಡಂ?" ಎಂದು ಕೇಳಿದೆ.

"ಇಲ್ರಿ ಮಿಸ್ತ್ರಿ, ಮಲಗ್ಯಾವ. ಒಂದೊಂದು ಚೌಕ ಒಂದೊಂದು ಪ್ರೊಸೆಸರ್. ಕಂಪನಿಯವರು ಎಲ್ಲಾನೂ ಡಬ್ಬಿ ಒಳಗ ಇಟ್ಟೇ ಕಳಿಸ್ಯಾರ. ನಾವು ಕೊಂಡಿದ್ದು ಅರ್ಧ. ಉಳಿದವು ಕಾದಿಟ್ಟವು. ಕೆಲಸ ಜಾಸ್ತಿ ಬಂದ ದಿನ ಎಬ್ಬಿಸಬೇಕು, ಕೆಲಸ ಮುಗಿದ ಮ್ಯಾಗ ಮಲಗಿಸಬೇಕು."

"ಹಂಗ ಬೇಕಾದಾಗ ಎಬ್ಬಿಸಬಹುದೇನ್ರಿ?"

"ಇಷ್ಟು ದಿನ ಅಂತ ಮೊದಲೇ ಕೊಂಡು ದಾಸ್ತಾನು ಇಟ್ಕೊಂಡೀವಿ. ಎಬ್ಬಿಸಿದ ಗಳಿಗಿಯಿಂದ ಅದು ಕರಗಾಕ ಸುರು. ಕೆಲಸ ಮಾಡ್ಲಿ, ಸುಮ್ಮ ಕುಂದ್ರಲಿ, ಕರಗೋದು ಕರಗೋದೇ. ಮುಗೀತು ಅಂದ್ರ ಕಂಪನಿಯವರು ಹೊಸ ಕೋಡ್ ಕೊಡೋ ತನಕ ಮತ್ತ ಏಳಂಗಿಲ್ಲ."

ನನಗೆ ಕೂಡಲೇ ತಿಳಿಯಿತು. ಮಾನ್ವಿಯ ಗಿರಣಿಗಳಲ್ಲಿ ಕಾಯಂ ಹಮಾಲರು ಒಂದಿಷ್ಟು ಜನ. ಸುಗ್ಗಿಯಲ್ಲಿ ಭತ್ತದ ಲಾರಿಗಳು ಸಾಲುಗಟ್ಟಿದಾಗ ಬೇವಿನ ಮರದ ಕೆಳಗೆ ಕುಳಿತವರನ್ನೂ ಕರೆಯುತ್ತಾರೆ. ಕರೆದ ಮೇಲೆ ಲಾರಿ ಬರಲಿ ಬಿಡಲಿ, ಅವರ ಆ ದಿನದ ಕೂಲಿ ಕೊಡಲೇಬೇಕು. ಹೀಗೆ ಅಂದಾಗ ಮೇಡಂ, "ನೀವು ನನಗಿಂತ ಚೊಲೋ ಹೇಳ್ತೀರಿ, ಮುಂದಿನ ಸಲ ಕಂಪನಿಯವರಿಗೂ ನೀವೇ ಹೇಳ್ರಿ" ಎಂದು ನಕ್ಕರು. ಅವತ್ತು ಮನೆಗೆ ಹೋಗಿ ಹೆಂಡತಿಗೂ ಅದನ್ನೇ ಎರಡು ಸಲ ಹೇಳಿದೆ. ಊರಿಗೆ ಫೋನು ಮಾಡಿ ತಂಗಿಗೂ ಹೇಳಿದೆ.

ಈ ತಂಗಿಯ ವಿಷಯಕ್ಕೇ ಬರಬೇಕಿತ್ತು.

ನಾನು ಶಾಲೆ ಬಿಟ್ಟ ವರ್ಷವೇ ಅವಳು ಶಾಲೆಗೆ ಸೇರಿದಳು. ನನಗಿಂತ ಹೆಚ್ಚು ಓದಿದಳು. ಮದುವೆಯಾಗಿ ಮಕ್ಕಳಾದ ಮೇಲೂ ಮನೆಯಲ್ಲೇ ಓದಿ ಪಿಯುಸಿ ಮುಗಿಸಿದಳು. ಹಗಲೆಲ್ಲ ಗದ್ದೆಯಲ್ಲಿ ನಾಟಿ ಹಚ್ಚಿ ಬಂದು ಪುಸ್ತಕ ಹಿಡಿಯುತ್ತಿದ್ದವಳು. ಊರಲ್ಲಿ ಯಾವ ಹೆಣ್ಣಿಗೆ ಹೆರಿಗೆ ನೋವು ಬಂದರೂ ದೇವದುರ್ಗದ ಆಸ್ಪತ್ರೆಗೆ ಜೊತೆಯಲ್ಲಿ ಹೋಗುವವಳು ಅವಳೇ. ಕೈ ಹಿಡಿದು ಕೂರುವಳು, ನರ್ಸುಗಳು ಏನೇನು ಮಾಡುತ್ತಾರೆಂದು ಕಣ್ಣಿಟ್ಟು ನೋಡುವಳು. "ಅಣ್ಣಾ, ನಾನೂ ಆ ಬಿಳಿ ಸೀರಿ ಉಡಬೇಕು" ಎಂದು ಎಷ್ಟೋ ಸಲ ಅಂದಿದ್ದಾಳೆ.

ಆ ವರ್ಷ ಟ್ರಸ್ಟು ಮಾನ್ವಿಯ ತನ್ನ ನರ್ಸಿಂಗ್ ಶಾಲೆಯಲ್ಲಿ ಕೆಲವು ಸೀಟುಗಳನ್ನು ದೇವದುರ್ಗ, ಮಾನ್ವಿ ತಾಲೂಕುಗಳ ಹೆಣ್ಣುಮಕ್ಕಳಿಗೆಂದೇ ಎತ್ತಿಟ್ಟಿತು. ಫೀ ಟ್ರಸ್ಟಿನದೇ, ವಸತಿಯೂ ಅವರದೇ. ಅರ್ಜಿ ಕಂಪ್ಯೂಟರಿನಲ್ಲಿ ಹಾಕಬೇಕು. ದಸರೆಯ ಬೆನ್ನಿಗೆ ಬರುವ ಸೀಗೆ ಹುಣ್ಣಿಮೆ ಕಳೆದ ಮೇಲೆ ಒಂದು ದಿನ ಬೆಳಿಗ್ಗೆ ಹತ್ತಕ್ಕೆ ತೆರೆಯುತ್ತದೆ, ಯಾರ ಅರ್ಜಿ ಮೊದಲು ಬಂದು ಮುಟ್ಟುತ್ತದೋ ಅವರಿಗೆ ಸೀಟು. ವಯಸ್ಸಿಗೆ ಮಿತಿ ಇತ್ತು. ತಂಗಿಗೆ ಅದೇ ಕೊನೆಯ ವರ್ಷ. ಅದು ತಪ್ಪಿದರೆ ಮತ್ತೆ ಇಲ್ಲ.

"ನೀ ಏನೂ ಚಿಂತಿ ಮಾಡಬ್ಯಾಡ ಬೇ. ಆ ಅರ್ಜಿ ಬರೋದು ನನ್ನ ಮಷೀನಿಗೇ. ಅವತ್ತು ಮೇಡಂ ಎಲ್ಲಾ ಪ್ರೊಸೆಸರ್ ಎಬ್ಬಿಸ್ತಾರ. ಕಣ್ಣು ಮುಚ್ಚಿ ತೆಗಿಯೋದ್ರಾಗ ಹೋಗ್ತದ" ಎಂದೆ.

ಅವಳು ಇದನ್ನು ಊರೆಲ್ಲ ಹೇಳಿಕೊಂಡು ಬಂದಳು, ಅಣ್ಣನ ಮಷೀನು ಅಂತ. ಅದು ಕಿವಿಗೆ ಬಿದ್ದಾಗ ನಾನು ಬೇಡವೆನ್ನಲಿಲ್ಲ. ಖುಷಿಯೇ ಆಯಿತು.

ಖಂಡೇ ಪೂಜೆ, ಅಂದರೆ ಆಯುಧ ಪೂಜೆ, ಬಂತು. ಗಿರಣಿಯ ಮಂದಿಗೆ ಅದು ದೊಡ್ಡ ಹಬ್ಬ. ಮಾನ್ವಿಯಲ್ಲಿ ಪೂಜೆಗೆ ಮುಂಚೆ ಎಲ್ಲ ಮೋಟಾರುಗಳನ್ನೂ ಒಂದು ಸುತ್ತು ತಿರುಗಿಸುತ್ತಿದ್ದೆವು. ಮೂಲೆಯಲ್ಲಿ ಗೋಣಿಚೀಲ ಹೊದಿಸಿಟ್ಟ ಸ್ಪೇರ್ ಮೋಟಾರಿಗೂ ಅವತ್ತು ವೈರು ಕೊಟ್ಟು ಜೀವ ತೋರಿಸಬೇಕು. ತಿರುಗದ ಮೋಟಾರಿಗೆ ಆರತಿ ಎತ್ತುವ ಪದ್ಧತಿ ಇಲ್ಲ. ಆರತಿ ಆದ ಮೇಲೆ, ಮರುದಿನ ವಿಜಯದಶಮಿಗೆ ಬನ್ನಿ ಮುಡಿಯುವ ತನಕ ಯಾರೂ ಯಾವುದನ್ನೂ ಮುಟ್ಟುವಂತಿಲ್ಲ. ಗಿರಣಿಯ ಕೀಲಿಕೈಗಳನ್ನೆಲ್ಲ ಅರಿಶಿನದ ದಾರದಿಂದ ಕಟ್ಟಿ, ಪೂಜೆಯ ತಟ್ಟೆಯಲ್ಲಿಟ್ಟು, ಯಜಮಾನರ ದೇವರ ಮನೆಗೆ ಒಯ್ಯುತ್ತಿದ್ದರು. ನಾನೂ ಅದರಲ್ಲೇ ಬೆಳೆದವನು. ಅದರಲ್ಲಿ ತಪ್ಪೇನೂ ನನಗೆ ಇವತ್ತಿಗೂ ಕಾಣುವುದಿಲ್ಲ.

ಅಧ್ಯಕ್ಷರು ಆರತಿ ತಟ್ಟೆ ಹಿಡಿದು ಸರ್ವರ್ ಕೋಣೆಗೆ ಬಂದರು. ಬಾಳೆಕಂಬ ಕಟ್ಟಿದ್ದೆ, ಯಂತ್ರಕ್ಕೆ ಚೆಂಡುಹೂವಿನ ಹಾರ ಹಾಕಿದ್ದೆ, ಗಾಳಿ ಹೋಗುವ ಕಿಂಡಿ ಮುಚ್ಚದ ಹಾಗೆ. ಅವರು ಪರದೆ ನೋಡಿದರು.

"ಇವ್ಯಾಕ ಬೂದಿ ಬಣ್ಣ ಅದಾವ?"

"ಕಾದಿಟ್ಟವು ಸರ್, ಮಲಗ್ಯಾವ" ಎಂದರು ಮೇಡಂ.

"ಖಂಡೇ ಪೂಜಿ ದಿನ ಮಲಗಿದ್ದಕ್ಕ ಆರತಿ ಮಾಡ್ತಾರೇನವ್ವಾ? ಎಬ್ಬಿಸು ಎಬ್ಬಿಸು. ಏನ್ ಮಿಸ್ತ್ರಿ, ನಮ್ಮ ಗಿರಣ್ಯಾಗ ಹೆಂಗ ಮಾಡ್ತಿದ್ವಿ?"

"ಹೌದ್ರಿ ಸಾಹೇಬ್ರ, ಎಲ್ಲಾ ತಿರುಗಬೇಕು" ಎಂದೆ.

ಮೇಡಂ ಏನೋ ಟೈಪು ಮಾಡಿದರು. ಬೂದಿ ಚೌಕಗಳು ಒಂದೊಂದಾಗಿ ಹಸಿರಾದವು. ನೋಡಲು ಚೆಂದವಿತ್ತು. ಕರ್ಪೂರ ಹಚ್ಚಿದರು, ಕಾಯಿ ಮಾತ್ರ ನಾನು ಹೊಸ್ತಿಲಾಚೆ ಒಡೆಸಿದೆ. ಆರತಿ ಮುಗಿದ ಮೇಲೆ ಮೇಡಂ ಮತ್ತೆ ಕೀಬೋರ್ಡಿಗೆ ಕೈಹಾಕಲು ಹೋದರು.

"ಏ ಏ, ಪೂಜಿ ಆತು. ಮುಟ್ಟಬ್ಯಾಡ."

"ಸರ್, ಇವು ಎದ್ದಷ್ಟು ಹೊತ್ತೂ..."

"ನಾಳಿ ಬನ್ನಿ ಮುಡಿದ ಮ್ಯಾಗ ಬಂದು ಮಲಗಿಸವ್ವಾ. ಒಂದು ದಿನಕ್ಕ ಏನಾಗ್ತದ?"

ಒಂದು ದಿನಕ್ಕೆ ಏನೂ ಆಗುತ್ತಿರಲಿಲ್ಲ. ಮೇಡಂ ನನ್ನ ಕಡೆ ನೋಡಿ, ಇರಲಿ ಎಂಬಂತೆ ತಲೆಯಾಡಿಸಿದರು. ಕೋಣೆಯ ಎರಡೂ ಕೀಲಿಕೈಗಳಿಗೆ ದಾರ ಕಟ್ಟಿ ತಟ್ಟೆಯಲ್ಲಿಟ್ಟರು. ತಟ್ಟೆ ಅಧ್ಯಕ್ಷರ ಮನೆಗೆ ಹೋಯಿತು.

ಮರುದಿನ ಬನ್ನಿ ಮುಡಿದು ಕೀಲಿಕೈ ತರಲು ಅವರ ಮನೆಗೆ ಹೋದರೆ ಗೇಟಿಗೇ ಬೀಗ. ಕಾವಲುಗಾರ ಎಲೆಯಡಿಕೆ ಜಗಿಯುತ್ತ, "ಮನಿಮಂದಿಯೆಲ್ಲಾ ಮುಂಜಾನೇನೇ ಶ್ರೀಶೈಲಕ್ಕ ಹೋದ್ರು. ಅಲ್ಲಿಂದ ಇನ್ನೂ ಎಲ್ಲೆಲ್ಲೋ ಅದಂತ. ಸೀಗಿ ಹುಣ್ಣಿಮಿಗೆ ಬರ್ತಾರ" ಎಂದ. ಫೋನು ಮಾಡಿದೆ. ಗಾಡಿಯ ಸದ್ದಿನ ನಡುವೆ ಅಧ್ಯಕ್ಷರ ದನಿ ಬಂತು.

"ಅಯ್ಯ, ತಟ್ಟಿ ದೇವರ ಮನ್ಯಾಗ ಉಳೀತಲ್ಲೋ ಮಿಸ್ತ್ರಿ. ಮಷೀನು ನಡದಾವ ಇಲ್ಲ?"

"ನಡದಾವ್ರಿ. ಅದೇ ತೊಂದ್ರಿ. ನೀವು ಹೂಂ ಅಂದ್ರ ಕೋಣಿ ಕೀಲಿ ಒಡೀತೀನಿ. ನಾನೇ ಹೊಸದು ಕೂಡಿಸ್ತೀನಿ."

"ಪೂಜಿ ಮಾಡಿದ ಕೀಲಿ ಒಡೀತೀಯೇನೋ? ನಿಂಗೇನು ತಲಿ ಕೆಟ್ಟದ? ನಡೀತಾವಂದ್ರ ನಡೀಲಿ ಬಿಡು."

ಹಬ್ಬಕ್ಕೆ ಮನೆಯಲ್ಲಿದ್ದ ಮೇಡಂ ಕೂಡ ಅಧ್ಯಕ್ಷರಿಗೆ ಫೋನು ಮಾಡಿ ಹೇಳಿ ನೋಡಿದರು. ಮನೆಯಿಂದಲೇ ಮಲಗಿಸಲು ಬರುತ್ತದೇನೋ ಎಂದು ಅವರನ್ನು ಕೇಳಿದೆ. "ಆ ಕೆಲಸ ಮಾತ್ರ ಕೋಣೆ ಒಳಗಿನ ಕಂಪ್ಯೂಟರಿಂದನೇ ಆಗಬೇಕು ಮಿಸ್ತ್ರಿ, ಹೊರಗಿಂದ ಯಾರೂ ಕೈಹಾಕಬಾರದು ಅಂತ ಹಂಗ ಇಟ್ಟಾರ" ಎಂದರು.

ಆ ದಿನಗಳಲ್ಲಿ ನಾನು ಮಾಡಿದ್ದು ಇಷ್ಟೇ. ಬೆಳಿಗ್ಗೆ ಬರುವುದು, ಬಾಗಿಲ ಗಾಜಿನಿಂದ ಒಳಗೆ ನೋಡುವುದು. ಹಾರದ ಚೆಂಡುಹೂವು ಆ ಚಳಿಗೆ ಬಾಡದೆ ಹಾಗೇ ಇತ್ತು. ಪರದೆಯ ತುಂಬ ಹಸಿರು ಚೌಕಗಳು. ರಜೆ, ಟ್ರಸ್ಟಿನ ಆಫೀಸಿಲ್ಲ, ಕಾಲೇಜಿಲ್ಲ, ಎಬ್ಬಿಸಿದವಕ್ಕೆ ಕೆಲಸವೇ ಇಲ್ಲ. ಮರದ ಕೆಳಗಿನ ಹಮಾಲರನ್ನೆಲ್ಲ ಕರೆದು ಖಾಲಿ ಅಂಗಳದಲ್ಲಿ ಕೂರಿಸಿದ ಹಾಗೆ. ಇಕ್ಕಳ, ಸುತ್ತಿಗೆ, ಡ್ರಿಲ್ಲು ಎಲ್ಲ ನನ್ನ ಚೀಲದಲ್ಲಿದ್ದವು. ಆ ಬೀಗ ನನಗೆ ಒಂದು ಗಳಿಗೆಯ ಕೆಲಸ. ಹ್ಯಾಂಡಲ್ಲಿಗೆ ಕಟ್ಟಿದ ಮಾವಿನೆಲೆಯ ಮೇಲೆ ಕೈಯಿಟ್ಟು ನಿಂತು, ಕೈ ತೆಗೆದು ಹೋಗುತ್ತಿದ್ದೆ.

ಹುಣ್ಣಿಮೆಗೆ ಕೀಲಿಕೈ ಬಂತು. ಅರಿಶಿನದ ದಾರ ಬಿಚ್ಚಿ ಬಾಗಿಲು ತೆಗೆದೆವು. ಅಷ್ಟರಲ್ಲಿ ಹಸಿರು ಚೌಕಗಳಲ್ಲಿ ಅರ್ಧ ತಾವಾಗಿಯೇ ಬೂದಿಯಾಗಿದ್ದವು. ಮೇಡಂ ಕೂತು ನೋಡಿದರು. ಕುರ್ಚಿಗೆ ಒರಗಿ, "ಮುಗೀತ್ರಿ ಮಿಸ್ತ್ರಿ. ದಾಸ್ತಾನು ಸೊನ್ನಿ" ಎಂದರು.

ಅವತ್ತೇ ಕಂಪನಿಗೆ ಬರೆದರು. ಕಂಪನಿಯವರು ಆರ್ಡರ್ ಕೇಳಿದರು, ಅಧ್ಯಕ್ಷರು ಸಹಿ ಮಾಡಿದರು, ಕಂಪನಿಯಲ್ಲಿ ಸಹಿ ಮಾಡಬೇಕಾದ ಇನ್ಯಾರೋ ಹಬ್ಬದ ರಜೆಯಲ್ಲಿದ್ದರು. ಯಾರನ್ನು ಕೇಳಿದರೂ ಮರ್ಯಾದೆಯಿಂದಲೇ ಮಾತಾಡುತ್ತಿದ್ದರು. ನಾಳೆ ಎನ್ನುತ್ತಿದ್ದರು. ಅರ್ಜಿಯ ದಿನವನ್ನಾದರೂ ಮುಂದೆ ಹಾಕಿರೆಂದು ಮೇಡಂ ಕೇಳಿದರು. "ಪೇಪರಿನಾಗ ಬಂದು ಹೋಗ್ಯದ. ಮಂದಿ ನಗ್ತಾರ" ಎಂದರು ಅಧ್ಯಕ್ಷರು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, "ಇದ್ದ ಅರ್ಧ ಮಷೀನಿನ ಮ್ಯಾಗ ನಡೀತದ ಬಿಡೋ. ದೇವರ ಪೂಜಿ ಮಾಡೀವಿ" ಎಂದರು. ಮನಸ್ಸಿನಿಂದಲೇ ಅಂದದ್ದು. ಅವರ ಮೇಲೆ ಸಿಟ್ಟು ಮಾಡಲೂ ನನಗೆ ಆಗಲಿಲ್ಲ.

ತಂಗಿಗೆ ಎಲ್ಲವನ್ನೂ ಹೇಳಿದೆ. ಅವಳು, "ಇರ್ಲಿ ಬಿಡಣ್ಣ. ನಾ ಎಲ್ಲರಿಗಿಂತ ಮೊದಲೇ ಹೋಗಿ ಕುಂದುರ್ತೀನಿ" ಎಂದಳು.

ಹಾಗೇ ಮಾಡಿದಳು. ಅವತ್ತು ಮೊದಲ ಬಸ್ಸಿಗೇ ದೇವದುರ್ಗಕ್ಕೆ ಬಂದು, ಬಸ್ ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಅಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದಳು. ಅಂಗಡಿಯವನು ಶಟರ್ ಎತ್ತುವಾಗ ಇವಳೇ ಕೈಗೂಡಿಸಿದಳಂತೆ. ಹತ್ತಕ್ಕೆ ಅರ್ಜಿ ತೆರೆಯಿತು. ನಾನು ಯಂತ್ರದ ಪಕ್ಕದಲ್ಲೇ ನಿಂತಿದ್ದೆ. ಹಸಿರು ಚೌಕಗಳು ಕೆಂಪಾದವು. ಫ್ಯಾನುಗಳು ಜೋರಾಗಿ ಕೂಗತೊಡಗಿದವು. ಮಾನ್ವಿ, ಸಿರವಾರ, ದೇವದುರ್ಗ, ಎಲ್ಲ ಕಡೆಯ ಅಂಗಡಿಗಳಿಂದ ಅರ್ಜಿ ಹಾಕುವವರು ಒಮ್ಮೆಲೇ ಬಂದು ಬಿದ್ದಿದ್ದರು. ಕೆಂಪು ಚೌಕಗಳ ಪಕ್ಕದಲ್ಲೇ ಬೂದಿ ಚೌಕಗಳು, ಏನೂ ಆಗದಂತೆ.

ಫೋನು ಬಂತು. "ಅಣ್ಣಾ, ಹೆಸರು ತುಂಬೀವಿ. ಒತ್ತಿದ್ರ ಚಕ್ರ ತಿರುಗಾಕತ್ತದ."

ಹಿಂದಿನಿಂದ ಅಂಗಡಿಯವನ ದನಿ: "ಅಕ್ಕೋರು ಪ್ರದಕ್ಷಿಣಿ ಹಾಕಾಕತ್ತಾರಂತ ಹೇಳ್ರಿ! ಇನ್ನಾ ಗರ್ಭಗುಡಿ ಬಾಗಿಲು ತಗದಿಲ್ಲ!" ಯಾರೋ ನಕ್ಕರು. ತಂಗಿಯೂ ನಕ್ಕಳು.

"ಕಾಯಬೇ. ಮತ್ತ ಮತ್ತ ಒತ್ತಬ್ಯಾಡ" ಎಂದೆ.

ಎಸಿ ಇನ್ನಷ್ಟು ಇಳಿಸಿದೆ. ಯಂತ್ರ ತಣ್ಣಗಿದ್ದರೆ ಬೇಗ ಓಡುತ್ತದೇನೋ ಎಂಬ ಆಸೆ. ಹಾಗಾಗುವುದಿಲ್ಲ ಎಂದು ನನಗೂ ಗೊತ್ತಿತ್ತು. ಆದರೂ ಕೈಯಲ್ಲಿ ಇದ್ದದ್ದು ಅದೊಂದೇ. ವೈರುಗಳನ್ನು ಮುಟ್ಟಿ ಮುಟ್ಟಿ ನೋಡಿದೆ. ಎಲ್ಲ ಗಟ್ಟಿಯಾಗಿದ್ದವು. ನನ್ನ ಪಾಲಿನದೇನೂ ಕೆಟ್ಟಿರಲಿಲ್ಲ.

ಮತ್ತೆ ಫೋನು. ಈ ಸಲ ಅವಳ ದನಿ ಸಣ್ಣಗಾಗಿತ್ತು. "ಅಣ್ಣಾ, ಮಾನ್ವ್ಯಾಗ ಯಾರದೋ ಅರ್ಜಿ ಹೋತಂತ. ಇಲ್ಲಿ ಎಲ್ಲಾರೂ ಫೋನಿನಾಗ ಮಾತಾಡಾಕತ್ತಾರ. ನಂದು ಇನ್ನಾ ತಿರುಗಾಕತ್ತದ. ನೀ ಮಷೀನ್ ಬಾಜೂಕೇ ಅದೀಯಲ್ಲ? ಒಳಗಿಂದ ಹಾಕಾಕ ಬರಂಗಿಲ್ಲೇನು?"

ಹುಟ್ಟಿದಾಗಿನಿಂದ ನಾನು ಯಾರಲ್ಲೂ ಏನನ್ನೂ ಕೇಳಿದವನಲ್ಲ. ಕೂಲಿ ಕೇಳುವಾಗಲೂ ತಲೆಯೆತ್ತಿ ಕೇಳಿದವನು. ಮೇಡಂ ಹತ್ತಿರ ಹೋಗಿ ನಿಂತೆ.

"ಮೇಡಂ, ನನ್ನ ತಂಗಿದೊಂದು... ಇಲ್ಲಿಂದ ಏನಾರ..."

ಪೂರ್ತಿ ಹೇಳಲಿಕ್ಕೆ ಬಿಡಲಿಲ್ಲ ಅವರು. ತಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಅದರಲ್ಲೂ ಅದೇ ಚಕ್ರ ತಿರುಗುತ್ತಿತ್ತು.

"ಒಳಗ ಹೋಗಾಕ ನನಗೇ ದಾರಿ ಕೊಡವಲ್ದು ಮಿಸ್ತ್ರಿ. ಹೊತ್ತಾತು, ಬಾಗಿಲಾಗೇ ನಿಂತೀನಿ. ಕೊಟ್ಟಿದ್ರೂ ನಿಮ್ಮ ತಂಗೀನ ಮುಂದ ಹಾಕ್ತಿದ್ನೋ ಇಲ್ಲೋ ಗೊತ್ತಿಲ್ಲ, ಸುಳ್ಳು ಹೇಳಂಗಿಲ್ಲ. ಆದ್ರ ಈಗ ಆ ಮಾತೂ ಇಲ್ಲ."

ಯಂತ್ರದಿಂದ ಕೈ ಚಾಚುವಷ್ಟು ದೂರದಲ್ಲಿ ಕೂತ ಆಕೆಯೂ, ದೇವದುರ್ಗದ ಅಂಗಡಿಯಲ್ಲಿ ಕೂತ ನನ್ನ ತಂಗಿಯೂ ಒಂದೇ ಸಾಲಿನಲ್ಲಿದ್ದರು. ನಾನಂತೂ ಸಾಲಿನಲ್ಲೂ ಇರಲಿಲ್ಲ.

ಫೋನು ಇನ್ನೂ ಕಿವಿಗಿತ್ತು. ತಂಗಿ ಎಲ್ಲ ಕೇಳಿಸಿಕೊಂಡಿದ್ದಳು. "ಇರ್ಲಿ ಅಣ್ಣಾ, ಅವರಿಗೇನೂ ಅನಬ್ಯಾಡ" ಎಂದಳು.

ಮಧ್ಯಾಹ್ನದ ಹೊತ್ತಿಗೆ ಕೆಂಪು ಇಳಿಯಿತು. ಅವಳ ಅರ್ಜಿ ಬಂದು ಮುಟ್ಟಿತ್ತು. ಸೀಟುಗಳು ಅದಕ್ಕೂ ಮೊದಲೇ ತುಂಬಿದ್ದವು. ಸಿಕ್ಕವರೂ ಬಡವರ ಮಕ್ಕಳೇ, ಅವರೂ ಅಲ್ಲಲ್ಲಿ ಕಟ್ಟೆಯ ಮೇಲೆ ಕಾದವರೇ. ಚಕ್ರ ಒಬ್ಬರನ್ನು ಒಳಗೆ ಬಿಟ್ಟಿತು, ಒಬ್ಬರನ್ನು ಬಿಡಲಿಲ್ಲ. ಯಾಕೆ ಎಂದು ಮೇಡಂಗೂ ಹೇಳಲಾಗಲಿಲ್ಲ.

ಮರುದಿನ ಕಂಪನಿಯ ಕೋಡ್ ಬಂತು. ಸರಿಯಾಗಿದೆಯೋ ನೋಡಲೆಂದು ಮೇಡಂ ಒಮ್ಮೆ ಎಬ್ಬಿಸಿದರು. ಚೌಕಗಳೆಲ್ಲ ಹಸಿರಾದವು. ಪುಟ ತೆರೆದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ತೆರೆದುಕೊಂಡಿತು, ನಾನು ತಂಗಿಗೆ ಹೇಳಿದ್ದ ಹಾಗೆಯೇ. ಅವರು ಕೂಡಲೇ ಮಲಗಿಸಿ, ನನ್ನ ಮುಖ ನೋಡದೆ ಎದ್ದು ಹೋದರು.

ಆಮೇಲೆ ತಂಗಿ ಒಮ್ಮೆ ರಾಯಚೂರಿಗೆ ಬಂದಳು. ಯಂತ್ರ ನೋಡಬೇಕೆಂದಳು. ಹೇಳದಿದ್ದರೂ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟಳು. ನನ್ನ ಸ್ವೆಟರ್ ಹೊದಿಸಿ ಒಳಗೆ ಕರೆದುಕೊಂಡು ಹೋದೆ. ಅವಳು ಆ ಕರಿ ಡಬ್ಬಿಯ ಸುತ್ತ ಒಂದು ಸಲ ಸುತ್ತಿ ಬಂದಳು.

"ಇದರಾಗ ಮಲಗಿದವು ಯಾವು ಅಣ್ಣಾ?"

"ಹೊರಗಿಂದ ಗೊತ್ತಾಗಂಗಿಲ್ಲ ಬೇ. ಎಲ್ಲಾ ಒಂದೇ ನಮೂನಿ."

ಅವಳು ಡಬ್ಬಿಯ ಮೇಲೆ ಅಂಗೈ ಇಟ್ಟಳು, ಹೆರಿಗೆ ನೋವು ತಿನ್ನುವ ಹೆಣ್ಣುಮಕ್ಕಳ ಹೊಟ್ಟೆಯ ಮೇಲೆ ಇಡುತ್ತಾಳಲ್ಲ, ಹಾಗೆ. "ಬೆಚ್ಚಗದ" ಎಂದಳು. ನಾನು ಟೇಬಲ್ಲಿನ ಮೇಲಿನ ಧೂಳು ಒರೆಸಿದೆ. ಧೂಳಿರಲಿಲ್ಲ.

ಈ ವರ್ಷ ಮತ್ತೆ ಖಂಡೇ ಪೂಜೆ ಆಯಿತು. ಅಧ್ಯಕ್ಷರು ಆರತಿ ತಟ್ಟೆ ಹಿಡಿದು ಬಂದು ಪರದೆ ನೋಡಿ, "ಎಬ್ಬಿಸವ್ವಾ" ಎಂದರು. ನನ್ನ ಬಾಯಿಂದ "ಬ್ಯಾಡ್ರಿ ಸಾಹೇಬ್ರ" ಎಂದು ಬಂದುಬಿಟ್ಟಿತು. ಅವರು ನಕ್ಕರು.

"ಹೋದ ಸಲದ್ದು ಇನ್ನೂ ಮನಸಿನ್ಯಾಗ ಇಟ್ಕೊಂಡೀಯೇನೋ? ಈ ಸಲ ದಾಸ್ತಾನು ಭಾಳ ಕೊಂಡೀವಿ, ಊರಿಗೂ ಹೋಗಂಗಿಲ್ಲ. ನಾಳಿ ನಾನೇ ಬಂದು ಕೀಲಿಕೈ ಕೊಡ್ತೀನಿ. ಮಲಗಿದ್ದಕ್ಕ ಆರತಿ ಮಾಡಬಾರದೋ ತಮ್ಮಾ."

ಮೇಡಂ ಎಬ್ಬಿಸಿದರು. ನಾನು ಹಾರ ಸರಿಮಾಡಿದೆ. ಮರುದಿನ ಹೇಳಿದ ಹಾಗೆಯೇ ಕೀಲಿಕೈ ಕೊಟ್ಟರು, ಮೇಡಂ ಮಲಗಿಸಿದರು. ಏನೂ ನಷ್ಟವಾಗಲಿಲ್ಲ.

ಅಲ್ಲಿಂದ ಬಸ್ಸು ಹಿಡಿದು ಬನ್ನಿ ಕೊಡಲು ಊರಿಗೆ ಹೋದೆ. ತಂಗಿ ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿ ಎಲೆ ತೆಗೆದುಕೊಂಡಳು. "ಬಂಗಾರದಂಗ ಇರೋಣು ಅಣ್ಣಾ" ಎಂದು ಕಾಲು ಮುಟ್ಟಿದಳು. ಏಳುತ್ತ ಕೇಳಿದಳು:

"ಈ ಸಲನೂ ಎಬ್ಬಿಸಿದ್ರೇನು?"

"ಎಬ್ಬಿಸಿದ್ರು."

"ಕೆಲಸ ಇತ್ತೇನು ಅವಕ್ಕ?"

"ಇಲ್ಲ ಬೇ. ಆರತಿಗೆ ಅಷ್ಟ."

ಅವಳು ಬನ್ನಿ ಎಲೆಯನ್ನು ತುರುಬಿಗೆ ಸಿಕ್ಕಿಸಿಕೊಂಡು, "ಕುಂದ್ರು, ಚಹಾ ಇಡ್ತೀನಿ" ಎಂದು ಒಳಗೆ ಹೋದಳು. ನಾನು ಕಟ್ಟೆಯ ಮೇಲೆ ಕುಳಿತೆ. ಆ ಬಿಸಿಲಲ್ಲಿ ಸ್ವೆಟರ್ ಇನ್ನೂ ಮೈಮೇಲೆಯೇ ಇತ್ತು. ಬಿಚ್ಚಬೇಕೆಂದು ತೋಚಲಿಲ್ಲ.